ನೀರು ಕಳೆದ ಎಲೆ

ಭೋಜಣ್ಣನಿಗೆ ಲೋಕದಲ್ಲಿ ಇದ್ದ ಶತ್ರು ಒಂದೇ, ನೀರು. ನೀಲಗಿರಿಯಲ್ಲಿ ಹುಟ್ಟಿದವನು ನೀರಿನ ಮೇಲೆ ಹಗೆ ಸಾಧಿಸಬಾರದು, ಸೋಲುವುದು ಖಂಡಿತ. ಇಲ್ಲಿ ಮಳೆ ಇಲ್ಲದ ದಿನ ಮಂಜು, ಮಂಜು ಇಲ್ಲದ ದಿನ ಇಬ್ಬನಿ, ಈ ಮೂರೂ ಇಲ್ಲದ ದಿನ ಪ್ರವಾಸಿಗರು. ಆದರೆ ಇತ್ತಲಾರ್ ಬಳಿಯ ಹಟ್ಟಿಯೊಂದರ ಈ ಸಣ್ಣ ಟೀ ಬೆಳೆಗಾರನ ಸಿಟ್ಟಿಗೆ ಕಾರಣವಿತ್ತು. ಕೊಯ್ದ ಎಲೆಯನ್ನು ಚೀಲಕ್ಕೆ ತುಂಬಿ ರಸ್ತೆ ಬದಿಯ ಷೆಡ್ಡಿಗೆ ತಂದರೆ, ಫ್ಯಾಕ್ಟರಿಯ ತೂಕದವನು ಚೀಲದೊಳಗೆ ಕೈ ತೂರಿಸಿ, ಒಂದು ಹಿಡಿ ಎಲೆ ಹಿಂಡಿ, ಒದ್ದೆಯಾದ ಅಂಗೈಯನ್ನು ಎಲ್ಲರಿಗೂ ತೋರಿಸಿ, "ತಣ್ಣಿ ಜಾಸ್ತಿ" ಎಂದು ತೂಕದಲ್ಲಿ ಒಂದಿಷ್ಟನ್ನು ಕಳೆದುಬಿಡುತ್ತಿದ್ದ.

"ಮಳೆ ನಾ ಹುಯ್ಸಿದ್ನಾ, ಪುಟ್ಟರಾಜು?" ಎಂದು ಭೋಜಣ್ಣ ನನ್ನ ಅಂಗಡಿಗೆ ಬಂದು ಕೇಳುತ್ತಿದ್ದ. "ಎಲೆ ಅಂದ್ಮೇಲೆ ನೀರಿರಲ್ವಾ? ನಿನ್ನ ಹಿಂಡಿದ್ರೂ ಬರ್ತದೆ."

ನನ್ನನ್ನು ಹಿಂಡಿದರೆ ಬರುವುದು ಎಣ್ಣೆ ಮಾತ್ರ. ನನ್ನದು ಊಟಿ ಮಾರ್ಕೆಟ್ಟಿನ ಹಿಂದಿನ ಸಾಲಿನಲ್ಲಿ, ಟೀ ಎಲೆ ಕತ್ತರಿಸುವ ದೊಡ್ಡ ಕತ್ತರಿಗಳನ್ನು ಮಾರಿ, ಸಾಣೆ ಹಿಡಿದುಕೊಡುವ ಅಂಗಡಿ. ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಬೆಲ್ಲ ಹೊತ್ತು ಬೆಟ್ಟ ಹತ್ತಿದರು. ನಾನು ಕತ್ತರಿ ಮಾರುತ್ತೇನೆ. ಮೂರು ತಲೆಮಾರಿನಲ್ಲಿ ನಮ್ಮ ವಂಶ ಸಿಹಿಯಿಂದ ಹರಿತಕ್ಕೆ ಬಂದು ನಿಂತಿದೆ. ಹರಿತವೆಲ್ಲ ಅಂಗಡಿಯಲ್ಲೇ ಉಳಿದು ಮನೆಗೆ ಬರೀ ತುಕ್ಕು ಬರುತ್ತದೆ ಎಂಬುದು ನನ್ನ ಹೆಂಡತಿ ಸರ್ವಮಂಗಳಳ ಅಭಿಪ್ರಾಯ.

ಹಟ್ಟಿಯವರು ಆಡುವುದು ಬಡಗ ಮಾತು. ನನಗೆ ಅದು ಅರ್ಧ ಬರುತ್ತದೆ. ನನ್ನ ಮೇಲೆ ಕನಿಕರಪಟ್ಟು ಅವರು ಉಳಿದರ್ಧವನ್ನು ಮೈಸೂರು ಕಡೆಗೆ ಬಗ್ಗಿಸಿ ಆಡುತ್ತಾರೆ. ಹಾಗೆ ಬಗ್ಗಿಸಿದರೂ ನಮ್ಮ ಎನ್ನುವುದು 'ಎಂಗ' ಆಗಿಯೇ, ನೀವು ಎನ್ನುವುದು 'ನಿಂಗ' ಆಗಿಯೇ ಉಳಿಯುತ್ತದೆ. ನಾನೂ ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಭೋಜಣ್ಣ ತನ್ನ ತೋಟದ ಟೀ ಕುಡಿದವನಲ್ಲ. ಇಲ್ಲಿ ಯಾರೂ ಕುಡಿಯುವುದಿಲ್ಲ. ಹಸಿರೆಲೆ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿಂದ ಎಲ್ಲಿಗೋ ಹೋಗಿ, ಪುಡಿಯಾಗಿ, ಯಾವುದೋ ಪೊಟ್ಟಣದಲ್ಲಿ ಕೂತು ಹಟ್ಟಿಯ ಅಂಗಡಿಗೆ ವಾಪಸು ಬರುತ್ತದೆ. ಅದನ್ನು ಕೊಂಡು, ಹಾಲು ಹಾಕಿ ಕುದಿಸಿ, ಸಕ್ಕರೆ ಸುರಿದು ಭೋಜಣ್ಣನ ಕೈಗೆ ಕೊಡುತ್ತಿದ್ದವಳು ಅವನ ಹೆಂಡತಿ ವಸಂತಾಮಣಿ, ನನಗೆ ವಸಂತಕ್ಕ. ಜಗಲಿಯಲ್ಲಿ ಕೂತು ಭೋಜಣ್ಣ "ಟೀ" ಎನ್ನುತ್ತಿದ್ದ. ಒಳಗಿನಿಂದ ಲೋಟ ಬರುತ್ತಿತ್ತು. ಕುಡಿದಾದ ಮೇಲೆ ಆ ಲೋಟ ಅವನು ಎಲ್ಲಿದ್ದನೋ ಅಲ್ಲೇ ಉಳಿಯುತ್ತಿತ್ತು. ಮೆಟ್ಟಿಲ ಮೇಲೆ, ಗೋಡೆಯ ಮೇಲೆ, ಒಮ್ಮೊಮ್ಮೆ ತೋಟದಲ್ಲಿ ಟೀ ಗಿಡದ ನೆತ್ತಿಯ ಮೇಲೆ. ಸಂಜೆ ವಸಂತಕ್ಕ ಕೋಳಿಮೊಟ್ಟೆ ಹುಡುಕುವವಳ ಹಾಗೆ ಬಗ್ಗಿ ಬಗ್ಗಿ ನೋಡುತ್ತಾ ಲೋಟಗಳನ್ನು ಆಯ್ದುಕೊಂಡು ಬರುತ್ತಿದ್ದಳು. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ಅವನು ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಒಳಗೆ ಒಲೆ ಯಾವ ಮೂಲೆಯಲ್ಲಿದೆ ಎಂದು ಕೇಳಿದ್ದರೆ ತಡಬಡಾಯಿಸುತ್ತಿದ್ದ. ಇದರಲ್ಲಿ ನಾನು ಅವನನ್ನು ಆಡಿಕೊಳ್ಳುವ ಹಾಗಿಲ್ಲ. ನಮ್ಮ ಮನೆಯ ಒಲೆ ಎಲ್ಲಿದೆ ಎಂದು ನನಗೆ ಗೊತ್ತಿರುವುದು ಅದರ ಮೇಲೆ ಒಮ್ಮೆ ಕೈ ಊರಿದ್ದರಿಂದ.

ಕಳೆದ ವರ್ಷ ವಸಂತಕ್ಕನ ಎಡ ಮೊಲೆಯಲ್ಲಿ ಗಂಟು ಸಿಕ್ಕಿತು. ಕೊಯಮತ್ತೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಕೀಮೋ. ಡಾಕ್ಟರ್ ತೇನ್ಮೊಳಿ ಎಂಬ ಸಣ್ಣ ಮೈಕಟ್ಟಿನ ಹೆಂಗಸು ಅವತ್ತೇ ಎದುರು ಕೂರಿಸಿಕೊಂಡು ಹೇಳಿದ್ದರು: ಗಂಟು ತೆಗೆದಿದ್ದೇವೆ, ಆದರೆ ಕಣ್ಣಿಗೆ ಕಾಣದ್ದು ಇನ್ನೂ ಮೈಯಲ್ಲಿರಬಹುದು, ಕೀಮೋ ಹೇಳಿದ ದಿನಕ್ಕೆ ಸರಿಯಾಗಿ ನಡೆಯಬೇಕು, ನಡುವೆ ಬಿಡುವು ಕೊಟ್ಟರೆ ಅದು ಚೇತರಿಸಿಕೊಳ್ಳುತ್ತದೆ. ಪ್ರತಿ ಸಲವೂ ಮೊದಲು ರಕ್ತ ಪರೀಕ್ಷೆ, ಅದು ಸರಿಯಿದ್ದರೆ ಮಾತ್ರ ಔಷಧಿ.

ಬ್ಲೇಡು ತರಲು ನಾನು ಹೇಗೂ ಕೊಯಮತ್ತೂರಿಗೆ ಇಳಿಯುವವನು. ನನ್ನ ಹಳೆಯ ವ್ಯಾನಿನಲ್ಲಿ ಅವರಿಬ್ಬರೂ ಬರತೊಡಗಿದರು. ಹಾಗಾಗಿ ಮುಂದಿನದಕ್ಕೆಲ್ಲ ನಾನೇ ಸಾಕ್ಷಿ.

ಬಡಗರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಹಟ್ಟಿ ಹಟ್ಟಿಯೇ ಜೀಪು ಮಾಡಿಕೊಂಡು ನೋಡಲು ಬರುತ್ತದೆ. ಹಿಂದೆಲ್ಲ ಬ್ರೆಡ್ಡು, ಹಾರ್ಲಿಕ್ಸು, ಕಿತ್ತಳೆ ಬರುತ್ತಿತ್ತು. ಈಗ ಫೋನು ಬಂದು ಎಲ್ಲರೂ ಪಂಡಿತರಾಗಿದ್ದಾರೆ. ಒಬ್ಬರು ಬ್ರೊಕೊಲಿ ತಂದು ಅದರಲ್ಲಿ ಸಲ್ಫೊರಾಫೇನ್ ಇದೆ ಎಂದರು. ಇನ್ನೊಬ್ಬರು ಅರಿಸಿನ ಹಿಡಿದು ಕರ್ಕ್ಯುಮಿನ್ ಎಂದರು. ಮತ್ತೊಬ್ಬರು ಟೊಮ್ಯಾಟೊ ಬುಟ್ಟಿ ಇಳಿಸಿ, ಹೆಸರು ಮರೆತು, ಜೀಪಿನ ಡ್ರೈವರನ್ನು ಕೂಗಿ ಕೇಳಿಕೊಂಡು ಬಂದು "ಲೈಕೋಪಿನ್" ಎಂದರು. ಮೊದಲು ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ; ಈಗ ಅದನ್ನು ಬಿಟ್ಟು ಉಳಿದ ಎಲ್ಲದರ ಹೆಸರನ್ನೂ ಹೇಳುತ್ತಿದ್ದರು. ನಾನೂ ಹಿಂದೆ ಬೀಳಲಿಲ್ಲ. ಬೆಳ್ಳುಳ್ಳಿಯಲ್ಲಿ ಏನೋ ಇದೆಯೆಂದು ಕೇಳಿ, ದಿನಾ ಖಾಲಿ ಹೊಟ್ಟೆಗೆ ಹಸಿ ಬೆಳ್ಳುಳ್ಳಿ ಜಗಿಯತೊಡಗಿದೆ. "ಕ್ಯಾನ್ಸರ್ ಒಂದೇ ಅಲ್ಲ, ನಾನೂ ಹತ್ರ ಬರಲ್ಲ" ಎಂದು ಸರ್ವಮಂಗಳ ನನ್ನ ಹಾಸಿಗೆಯನ್ನು ಹಾಲಿಗೆ ಎಸೆದಳು.

ಭೋಜಣ್ಣ ಇದನ್ನೆಲ್ಲ ಸುಮ್ಮನೆ ಕೇಳುತ್ತಿದ್ದ. ಅವನ ತಲೆ ಕೆಟ್ಟದ್ದು ಊಟಿಯಲ್ಲಿ. ಪ್ರವಾಸಿಗರಿಗೆ ಟೀ ಮಾರುವ ದೊಡ್ಡ ಅಂಗಡಿಯೊಂದಿದೆ. ಅಲ್ಲಿನ ಮ್ಯಾನೇಜರ್ ಶಕ್ತಿವೇಲ್, ಕಡ್ಡಿ ತುಂಡು ಮಾಡಿದರೂ ಅದಕ್ಕೊಂದು ಆಫರ್ ಇಡುವ ಮನುಷ್ಯ. ಆ ಅಂಗಡಿಯ ಗೋಡೆಯ ಮೇಲೆ ಆಳೆತ್ತರದ ಬೋರ್ಡು. ಅದರಲ್ಲಿ ಒಂದು ಟೀ ಕಪ್ಪು, ಕಪ್ಪಿನಿಂದ ಹೊರಟ ಬಾಣ, ಬಾಣದ ತುದಿಯಲ್ಲಿ ಕ್ಯಾನ್ಸರಿನ ಗುರುತಾಗಿ ಓಡುತ್ತಿರುವ ಏಡಿ. ಕೆಳಗೆ 'ಗ್ರೀನ್ ಟೀಯ ಕ್ಯಾಟೆಚಿನ್, ಕ್ಯಾನ್ಸರ್‌ಗೆ ತಡೆಗೋಡೆ' ಎಂದು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ನಮ್ಮವರಿಗಾಗಿ ತಪ್ಪು ಕನ್ನಡದಲ್ಲಿ ಬರೆದಿತ್ತು.

ಅವತ್ತು ಅವನು ನನ್ನ ಅಂಗಡಿಗೆ ಬಂದಾಗ ಮುಖ ನೋಡಿ ನನಗೆ ಭಯವಾಯಿತು. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಇಟ್ಟ.

"ಇದು ಬೇಡ. ಇಟ್ಕೋ."

"ಯಾಕೆ ಭೋಜಣ್ಣ, ಮೊಂಡಾಯ್ತಾ?"

"ನಾ ಮೊಂಡಾಗಿದ್ದೆ. ಮರುಂದು ನನ್ನ ತೋಟದಾಗೇ ಇತ್ತು. ಇಷ್ಟು ವರ್ಷ ಚೀಲ ಚೀಲ ಫ್ಯಾಕ್ಟರಿಗೆ ಹಾಕಿ, ನನ್ನ ಹೆಮ್ಮಾತಿಗೆ ಪೊಟ್ಟಣದ ಕಸ ಕುಡ್ಸಿದ್ದೀನಿ."

ಮರುಂದು ಎಂದರೆ ಮದ್ದು; ಹೆಮ್ಮಾತಿ ಎಂದರೆ ಹೆಂಡತಿ. ಆ ಮಾತು ಅವನ ಬಾಯಲ್ಲಿ ಅಷ್ಟು ಮೆತ್ತಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನದಿಂದ ಅವನು ಕೈಯಲ್ಲೇ ಕೊಯ್ಯತೊಡಗಿದ. ಆಳು ಸಿಗದೆ ಎಲ್ಲರೂ ಕತ್ತರಿಗೆ ಇಳಿದು ಎಷ್ಟೋ ಕಾಲವಾಗಿತ್ತು. ಎರಡೆಲೆ ಒಂದು ಮೊಗ್ಗು ಎಂದು ಚಿವುಟಿ ಕೊಯ್ಯುವುದು ಅಜ್ಜಿಯರ ಕಾಲಕ್ಕೇ ಮುಗಿದಿತ್ತು. ಭೋಜಣ್ಣ ಔಷಧಿ ಹೊಡೆಯದ ಮೇಲಿನ ಸಾಲಿಗೆ ಹೋಗಿ, ಮಂಜಿನಲ್ಲಿ ನಿಂತು, ಒಂದೊಂದೇ ಚಿಗುರನ್ನು ಚಿವುಟುತ್ತಿದ್ದ. ಅವನು ಅಷ್ಟಕ್ಕೇ ನಿಂತು, ಆ ಎಲೆಯನ್ನು ಬಿಸಿನೀರಿಗೆ ಹಾಕಿ ಒಂದು ಲೋಟ ಕೊಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಅವನು ಬೆಳೆಗಾರ. ಜೀವಮಾನವಿಡೀ ಎಲೆಯನ್ನು ತೂಕದಲ್ಲೇ ನೋಡಿದವನು, ತೂಕದಲ್ಲಿ ನೀರು ಕಳೆಸಿಕೊಂಡೇ ಬದುಕಿದವನು.

"ಒಂದು ಲೋಟದಾಗೆ ಎಷ್ಟು ಎಲೆ ಇರ್ತದೆ? ಚಿಟಿಕೆ," ಎಂದು ಅವನು ನನಗೆ ಲೆಕ್ಕ ವಿವರಿಸಿದ. "ಬಾಕಿ ಬರೀ ನೀರು. ಆ ತೂಕದವನು ಹೇಳಿದ್ದು ಸರಿನೇ. ನೀರು ತೆಗೀಬೇಕು. ನೀರು ತೆಗೆದ್ರೆ ಒಂದು ಬುಟ್ಟಿ ಎಲೆ ಒಂದು ಚಮಚದಾಗೆ ಕೂರ್ತದೆ."

ಹೀಗೆ ಭೋಜಣ್ಣ ಮೊದಲ ಸಲ ಅಡುಗೆಮನೆಗೆ ಕಾಲಿಟ್ಟ. ಬೆಳಗಾಗುವ ಮುಂಚೆ ಎದ್ದು, ಇಡ್ಲಿ ಪಾತ್ರೆಯಲ್ಲಿ ಎಲೆಯನ್ನು ಹಬೆಗೆ ಇಟ್ಟು, ಒರಳಲ್ಲಿ ಜಜ್ಜಿ, ಹಂಡೆಯಲ್ಲಿ ಕುದಿಸಿ, ಸೋಸಿ, ಮತ್ತೆ ಕುದಿಸಿ, ಬತ್ತಿಸಿ, ಕೊನೆಗೆ ತಳದಲ್ಲಿ ಕೀಲೆಣ್ಣೆಯಂಥ ಕಪ್ಪು ಹಸಿರು ಮಂದ ರಸ ಉಳಿಯುವವರೆಗೂ ಒಲೆಯ ಮುಂದೆ ಕೂರುತ್ತಿದ್ದ. ಅದನ್ನು ಒಂದು ಲೋಟಕ್ಕೆ ಹಾಕಿ, ತಾನೇ ಹಾಸಿಗೆಯ ಹತ್ತಿರ ಒಯ್ದು, ಹೆಂಡತಿ ಕುಡಿದು ಮುಗಿಸುವವರೆಗೂ ನಿಂತಿದ್ದು, ಆ ಲೋಟವನ್ನು ತಾನೇ ತೊಳೆದಿಡುತ್ತಿದ್ದ. ಇದನ್ನು ನೋಡಲು ಹಟ್ಟಿಯ ಹೆಂಗಸರು ಏನಾದರೂ ನೆವ ಮಾಡಿಕೊಂಡು ಬರುತ್ತಿದ್ದರು. ಬ್ರೊಕೊಲಿ ತಂದಿದ್ದರೂ ಅವರ ಕಣ್ಣು ಭೋಜಣ್ಣ ಲೋಟ ತೊಳೆಯುವುದರ ಮೇಲೆ.

ನನಗೂ ಒಂದು ಚಮಚ ಕೊಟ್ಟ. ಕಹಿ ಎಂದರೆ ಬೇವು ನಾಚಬೇಕು; ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಅವತ್ತು ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಯ ಒಂದು ಕಿರುಕೋಣೆಯಲ್ಲೇ ಕಾಲ ಕಳೆದೆ. "ಒಳಗೇನು ತಡೆಗೋಡೆ ಕಟ್ತಿದ್ದೀರಾ?" ಎಂದು ಸರ್ವಮಂಗಳ ಬಾಗಿಲು ತಟ್ಟಿ ಕೇಳಿದಳು.

ಎದುರು ಮಾತಾಡಿದವಳು ಒಬ್ಬಳೇ, ಭೋಜಣ್ಣನ ವಿಧವೆ ಅಕ್ಕ ಲಿಂಗಿ. ಅವಳು ಪಕ್ಕದ ಮನೆಯ ಜಗಲಿಯಿಂದಲೇ ಕೂಗಿದಳು: "ಏ ಭೋಜಾ, ಕಾಡಿಂದ ಕಾಟಿ ಬಂದು ಎಂಗ ಕೋಸು ತಿಂತದೆ, ಕ್ಯಾರೆಟ್ಟು ತಿಂತದೆ, ನಿನ್ನ ಬೇಲೀನೂ ತಿಂತದೆ. ಟೀ ಗಿಡ ತಿಂತದಾ? ದನ ತಿಂತದಾ? ಯಾಕೆ ಅಂತ ಒಂದು ಸಲನಾದ್ರೂ ಕೇಳಿದ್ದೀಯಾ?"

"ಕಾಟಿಗೆ ಕ್ಯಾನ್ಸರ್ ಬರ್ತದಾ ಅಕ್ಕಾ? ಸುಮ್ನೆ ಕೂತ್ಕೋ," ಎಂದು ಭೋಜಣ್ಣ ಅವಳ ಬಾಯಿ ಮುಚ್ಚಿಸಿದ. ಅವನು ಗೆದ್ದ ಕೆಲವೇ ವಾದಗಳಲ್ಲಿ ಅದೊಂದು.

ಮೊದಲ ಎರಡು ಕೀಮೋ ಸರಿಯಾಗಿ ಆಗಿದ್ದವು. ಮೂರನೆಯದಕ್ಕೆ ಹೋದಾಗ ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರ್ ಹುಬ್ಬು ಗಂಟಿಕ್ಕಿದರು. ಲಿವರಿನ ಅಂಕಿಗಳು ಏರಿದ್ದವು. ಈ ಸ್ಥಿತಿಯಲ್ಲಿ ಕೀಮೋ ಕೊಟ್ಟರೆ ಲಿವರ್ ತಡೆಯುವುದಿಲ್ಲ, ಒಂದು ವಾರ ಬಿಟ್ಟು ಬನ್ನಿ ಎಂದರು. "ಬೇರೆ ಏನಾದರೂ ಔಷಧಿ, ನಾಟಿ ಮದ್ದು?" ಎಂದು ಕೇಳಿದರು.

"ಇಲ್ಲೆ ಇಲ್ಲೆ," ಎಂದ ಭೋಜಣ್ಣ. ಅವನು ಸುಳ್ಳು ಹೇಳಲಿಲ್ಲ. ಅವನ ಪ್ರಕಾರ ಎಲೆ ಮದ್ದಲ್ಲ, ನಾಟಿಯೂ ಅಲ್ಲ. ಅದು ಅವನ ಬೆಳೆ. ನಾನು "ಆ ಟೀ ರಸ..." ಎಂದು ಬಾಯಿ ತೆರೆದರೆ, "ಡಾಕ್ಟರಮ್ಮಂಗೆ ಟೀ ಕಾಫಿ ಎಲ್ಲಾ ಹೇಳ್ತಾ ಕೂರ್ತಾರಾ?" ಎಂದು ನನ್ನ ಕಾಲು ತುಳಿದ. ಅವನ ಚಪ್ಪಲಿ ತೋಟದ ಕೆಲಸಕ್ಕೆ ಮಾಡಿಸಿದ್ದು. ನಾನು ಕಾಲಿನ ಕಡೆ ಗಮನ ಕೊಟ್ಟೆ.

ಮನೆಗೆ ಹೋಗಿ ಅವನು ಯೋಚಿಸಿದ್ದು ಇಷ್ಟು: ಕಾಯಿಲೆ ಜೋರಾಗಿದೆ, ಎಲೆ ಸಾಲದು. ಒಂದು ಬುಟ್ಟಿ ಎರಡಾಯಿತು. ಲೋಟ ಸಂಜೆಗೂ ಬಂತು.

ಮತ್ತೆ ಇಳಿಯುವ ದಿನ ವ್ಯಾನಿನ ಕನ್ನಡಿಯಲ್ಲಿ ವಸಂತಕ್ಕನ ಮುಖ ನೋಡಿದೆ. ಅವಳು ಮೈಯೆಲ್ಲ ಕೆರೆದುಕೊಳ್ಳುತ್ತಿದ್ದಳು. ಕಣ್ಣಿನ ಬಿಳಿಯಲ್ಲಿ ತೆಳ್ಳಗೆ ಹಳದಿ. ಬರ್ಲಿಯಾರಿನ ತಿರುವಿನಲ್ಲಿ ಹಣ್ಣಿನ ಅಂಗಡಿಗಳ ಮುಂದೆ ವ್ಯಾನು ನಿಲ್ಲಿಸಿದೆ. ಭೋಜಣ್ಣ ಕಾಲು ಸಡಿಲಿಸಲು ಅತ್ತ ಹೋದ.

"ತಮ್ಮಾ, ಓಡಿಹೋಗಿ ಒಂದು ಟೀ ತಾ. ಸಕ್ಕರೆ ಜಾಸ್ತಿ. ಅವ್ರು ಬರೋದ್ರೊಳಗೆ," ಎಂದಳು ವಸಂತಕ್ಕ.

ತಂದುಕೊಟ್ಟೆ. ಕದ್ದ ಮಾವಿನಕಾಯಿ ತಿನ್ನುವ ಹುಡುಗಿಯ ಹಾಗೆ ಸೀಟಿನ ಮೂಲೆಗೆ ಒತ್ತಿ ಕೂತು, ಎರಡು ಕೈಯಲ್ಲೂ ಲೋಟ ಹಿಡಿದು ಕುಡಿದಳು.

"ಅಕ್ಕಾ, ಆ ಕಷಾಯವೇ ನಿಮ್ಮ ಲಿವರ್ ತಿಂತಿದೆ ಅನ್ಸುತ್ತೆ."

"ಅನ್ಸೋದೇನು. ಗೊತ್ತು."

"ಗೊತ್ತು?"

"ಹೊಟ್ಟೆ ಯಾರದ್ದು ತಮ್ಮಾ? ಅದು ಕುಡಿಯಾಕೆ ಶುರು ಮಾಡಿದ ಮೇಲೇ ಊಟ ಸೇರಲಿಲ್ಲ, ಉಚ್ಚೆ ಕಪ್ಪಾಯ್ತು. ಎರಡು ದಿನ ಅವ್ರು ಕುನ್ನೂರಿಗೆ ಹೋಗಿ ಮಾಡ್ಲಿಲ್ಲ ನೋಡು, ಎರಡು ದಿನ ಚೆನ್ನಾಗಿದ್ದೆ."

"ಮತ್ತೆ ಹೇಳಬಾರದಾ?"

ಅವಳು ಲೋಟದ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆದು ನೆಕ್ಕಿದಳು. ಹೊರಗೆ ನೋಡುತ್ತಾ ಹೇಳಿದಳು: "ಮೊನ್ನೆ ಒಲೆ ಮುಂದೆ ಕೂತು ಊದ್ತಾ ಇದ್ರು. ಹೊಗೆ ತುಂಬಿ ಕಣ್ಣು ಕೆಂಪಾಗಿತ್ತು. ಗ್ಯಾಸಿದೆ ಅಲ್ವಾ ಅಂದೆ. ಸೌದೆ ಬೆಂಕಿ ಮೆತ್ತಗೆ, ಅದ್ರಾಗೆ ಮಾಡಿದ್ರೆ ಸತ್ವ ಹೋಗಲ್ಲ ಅಂದ್ರು. ಆಮೇಲೆ ನನ್ನ ಕೇಳಿದ್ರು, ಇಷ್ಟು ವರ್ಷ ಈ ಹೊಗೇಲಿ ನೀ ಹೆಂಗೆ ಕೂತಿದ್ದೆ ಅಂತ. ಇಷ್ಟು ವರ್ಷಕ್ಕೆ ಈಗ ಕೇಳಿದ್ರು ತಮ್ಮಾ. ನಾ ಬೇಡ ಅಂತ ಹೆಂಗೆ ಹೇಳಲಿ?"

"ನೀವು ಇವತ್ತು ಹೇಳದಿದ್ದರೆ ನಾನೇ ಡಾಕ್ಟರಿಗೆ ಹೇಳ್ತೇನೆ."

"ಹೇಳು ನೋಡಾಣ. ಆಮೇಲೆ ಎಂಗ ಹಟ್ಟಿಯಾಗೆ ಯಾರು ನಿನ್ನತ್ರ ಸಾಣೆ ಹಿಡಿಸ್ತಾರೆ ನೋಡ್ತೀನಿ," ಎಂದು ನಕ್ಕಳು. ಭೋಜಣ್ಣ ಬರುವುದು ಕಂಡಿತು. ಖಾಲಿ ಲೋಟವನ್ನು ನನ್ನ ಕೈಗೆ ತುರುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಆಸ್ಪತ್ರೆಯಲ್ಲಿ ಅಂಕಿಗಳು ಹಿಂದಿನದಕ್ಕಿಂತ ಮೇಲಿದ್ದವು. ಡಾಕ್ಟರ್ ತೇನ್ಮೊಳಿ ಈ ಸಲ ಹುಬ್ಬು ಗಂಟಿಕ್ಕಲಿಲ್ಲ, ಪೆನ್ನು ಕೆಳಗಿಟ್ಟರು. ಅವರು ಆಡಿದ ತಮಿಳನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. "ಕಾಯಿಲೆ ಲಿವರಿಗೆ ಹರಡಿರಬಹುದು. ಹಾಗಿದ್ದರೆ ನಾವು ಹಿಡಿದಿರುವ ದಾರಿಯೇ ಬೇರೆಯಾಗುತ್ತದೆ. ಈಗಲೇ ಸ್ಕ್ಯಾನ್ ಮಾಡೋಣ."

ಸ್ಕ್ಯಾನಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಭೋಜಣ್ಣ ಕೂತಿದ್ದ. ಎರಡು ಅಂಗೈಗಳನ್ನೂ ಮೊಣಕಾಲ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದ. ಚಿಗುರು ಚಿವುಟಿ ಚಿವುಟಿ ಹೆಬ್ಬೆರಳುಗಳು ಕಪ್ಪಾಗಿದ್ದವು. ಅವನ್ನೇ ನೋಡುತ್ತಾ ಹೇಳಿದ:

"ಮೇಲಿನ ಸಾಲು ಮುಗೀತು ಪುಟ್ಟರಾಜು. ನಾಳೆಯಿಂದ ಕೆಳಗಿನದ್ದೂ ಕೊಯ್ತೀನಿ. ಮೂರು ಬುಟ್ಟಿ ಬತ್ತಿಸ್ತೀನಿ."

ನಾನು ಎದ್ದು ಡಾಕ್ಟರ ಕೋಣೆಯ ಕಡೆಗೆ ಹೊರಟೆ. ಅಷ್ಟರಲ್ಲಿ ಬಾಗಿಲು ತೆರೆದು ನಮ್ಮನ್ನೆಲ್ಲ ಒಳಗೆ ಕರೆದರು.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಕಾಯಿಲೆ ಹರಡಿರಲಿಲ್ಲ. ಭೋಜಣ್ಣ ಕೈಮುಗಿದ. ಡಾಕ್ಟರ್ ಮಾತ್ರ ನಗಲಿಲ್ಲ. "ಹಾಗಾದರೆ ಇದು ಹೊಟ್ಟೆಗೆ ಹೋದ ಯಾವುದರಿಂದಲೋ ಆಗಿದೆ. ಏನು ಕೊಡುತ್ತಿದ್ದೀರಿ?"

ಭೋಜಣ್ಣ ಗೋಡೆ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ವಸಂತಕ್ಕ ತನ್ನ ಬಟ್ಟೆಯ ಚೀಲಕ್ಕೆ ಕೈ ಹಾಕಿ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ದಾರಿಯಲ್ಲಿ ಸಂಜೆಯ ಪಾಲು ತಪ್ಪದಿರಲಿ ಎಂದು ಭೋಜಣ್ಣನೇ ತುಂಬಿಕೊಟ್ಟಿದ್ದ ಬಾಟಲಿ.

"ಇದು," ಎಂದಳು.

ಡಾಕ್ಟರ್ ಮುಚ್ಚಳ ತೆಗೆದು ಮೂಸಿದರು. ಯಾವ ಎಲೆ, ಎಷ್ಟು ಎಲೆ, ಹೇಗೆ ಎಂದು ಕೇಳಿದರು. ಭೋಜಣ್ಣ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಇತ್ತು. ಒಂದು ಬುಟ್ಟಿ ಬತ್ತಿ ಎಷ್ಟಾಗುತ್ತದೆ ಎಂದು ಬೆರಳಲ್ಲಿ ತೋರಿಸಿದ.

"ಬೋರ್ಡಿನಾಗೆ ಬರೆದಿದೆ ಅಮ್ಮಾ. ಸುಳ್ಳಾ ಅದು?"

"ಸುಳ್ಳಲ್ಲ. ಅರ್ಧಕ್ಕೆ ನಿಂತಿದೆ," ಎಂದರು ಡಾಕ್ಟರ್. "ಎಲೆಯಲ್ಲಿ ಆ ವಸ್ತು ಇರುವುದು ನಿಜ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣ ಬೆಳೆಸಿ ಅದರ ಮೇಲೆ ಸುರಿದರೆ ಸಾಯುತ್ತವೆ. ಇಲಿಗಳಲ್ಲೂ ಒಂದಿಷ್ಟು ಗುಣ ಕಂಡಿದೆ. ಮನುಷ್ಯರಲ್ಲಿ ಖಚಿತವಾಗಿ ತಡೆಯುತ್ತದೆ ಎಂದು ಇನ್ನೂ ಯಾರಿಗೂ ತೋರಿಸಲು ಆಗಿಲ್ಲ. ಆ ತಟ್ಟೆಯ ಮೇಲೆ ನನ್ನ ಕಾಫಿ ಚೆಲ್ಲಿದರೂ ಕಣಗಳು ಸತ್ತಾವು. ತಟ್ಟೆಗೆ ಲಿವರ್ ಇಲ್ಲ ಅಯ್ಯಾ. ನಿಮ್ಮ ಹೆಂಡತಿಗೆ ಇದೆ."

ಆಮೇಲೆ ಮೆತ್ತಗೆ ಹೇಳಿದರು: "ಸೊಪ್ಪು ತಿನ್ನಲಿ, ಟೊಮ್ಯಾಟೊ ತಿನ್ನಲಿ, ಸಾರಿಗೆ ಅರಿಸಿನ ಹಾಕಿ. ಬೆಳಗ್ಗೆ ಒಂದು ಲೋಟ ಟೀ ಕುಡಿಯಲಿ. ಊಟ ಊಟವಾಗಿ ಇದ್ದರೆ ಒಳ್ಳೆಯದೇ. ನೀವು ಅದನ್ನು ಬತ್ತಿಸಿದಿರಿ. ಇದನ್ನು ಇವತ್ತೇ ನಿಲ್ಲಿಸಿ."

ಹೊರಗೆ ಬಂದು ವರಾಂಡದಲ್ಲಿ ಭೋಜಣ್ಣ ಹೆಂಡತಿಯ ಎದುರು ನಿಂತ. ನಾನು ದೂರ ನಿಲ್ಲಲು ನೋಡಿದೆ, ಆದರೆ ಆ ವರಾಂಡ ಅಷ್ಟು ದೊಡ್ಡದಿರಲಿಲ್ಲ.

"ಅದು ಮೈಗೆ ಆಗ್ತಾ ಇಲ್ಲ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಹೇಳಿದ್ರೆ ನಿಲ್ಲಿಸ್ತಿದ್ನಲ್ಲ?"

"ನಿಲ್ಲಿಸ್ತಿದ್ರಿ. ನಿಲ್ಲಿಸಿ ಜಗಲಿಗೆ ಹೋಗಿ ಕೂರ್ತಿದ್ರಿ," ಎಂದಳು ವಸಂತಕ್ಕ. "ಅದಕ್ಕೇ ಹೇಳ್ಲಿಲ್ಲ."

ಬೆಟ್ಟ ಹತ್ತುವಾಗ, ಕಲ್ಲಾರ್ ದಾಟಿದ ಮೇಲೆ ಭೋಜಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಟಲಿಯನ್ನು ಬಗ್ಗಿಸಿದ. ರಸ ಎಷ್ಟು ಮಂದವಾಗಿತ್ತೆಂದರೆ ಬೀಳಲು ಎರಡು ತಿರುವು ಹಿಡಿಯಿತು.

ಲಿವರಿನ ಅಂಕಿಗಳು ನಿಧಾನವಾಗಿ ಇಳಿದವು. ಕೀಮೋ ಮತ್ತೆ ಶುರುವಾಯಿತು. ಕಳೆದುಹೋದ ವಾರಗಳಿಂದ ಏನಾಗಿದೆ ಎಂದು ಕೇಳಿದಾಗ ಡಾಕ್ಟರ್ "ಗೊತ್ತಿಲ್ಲ" ಎಂದರು. ಅವರು ಪ್ರಾಮಾಣಿಕರು; ಪ್ರಾಮಾಣಿಕರ ಹತ್ತಿರ ಹೋದರೆ ಮನಸ್ಸಿಗೆ ಸಮಾಧಾನ ಸಿಗುವುದು ಕಡಿಮೆ. ಆ ಪ್ರಶ್ನೆ ಈಗಲೂ ಪ್ರತಿ ಪರೀಕ್ಷೆಗೆ ನಮ್ಮ ಜೊತೆ ವ್ಯಾನು ಹತ್ತುತ್ತದೆ.

ಔಷಧಿಯೆಲ್ಲ ಮುಗಿದು, ಈ ವರ್ಷದ ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ವಸಂತಕ್ಕನಿಗೆ ಕೂದಲು ಬರತೊಡಗಿತು. ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹೋಯಿತು, ಆದರೆ ಹೋಗುವಾಗ ಕೀಮೋ ದಾರಿಯಲ್ಲೆಲ್ಲೋ ಇಳಿದುಕೊಂಡಿತು. ಉಳಿದದ್ದು ಭೋಜಣ್ಣನ ಎಲೆ ರಸ. ಇತ್ತಲಾರ್ ಹತ್ತಿರ ಒಬ್ಬ ಟೀ ಎಲೆ ಬತ್ತಿಸಿ ಹೆಂಡತಿಯ ಕ್ಯಾನ್ಸರ್ ಕರಗಿಸಿದನಂತೆ ಎಂದು ಮೊದಲು ಅವಲಾಂಚ್ ಕಡೆಯವರು ಬಂದರು, ಆಮೇಲೆ ಗೂಡಲೂರಿನವರು, ತೊರಪಳ್ಳಿಯವರು. ಶಕ್ತಿವೇಲ್ ಕೂಡ ಬಂದ. ಬೋರ್ಡಿನ ಮೇಲೆ ಏಡಿಯ ಪಕ್ಕದಲ್ಲಿ ಗಂಡಹೆಂಡಿರ ಫೋಟೊ ಹಾಕೋಣ ಎಂದ. ಭೋಜಣ್ಣ ಅವನನ್ನು ಓಡಿಸಿದ ವೇಗ ನೋಡಿದರೆ ಚಿತ್ರದ ಏಡಿ ನಿಧಾನ ಎನಿಸುತ್ತಿತ್ತು.

ಮಿಕ್ಕವರನ್ನು ಓಡಿಸುವುದು ಅಷ್ಟು ಸುಲಭವಾಗಿರಲಿಲ್ಲ. ಹೋದ ತಿಂಗಳು ನಾನು ಅಲ್ಲಿದ್ದಾಗಲೇ ಮಸಿನಗುಡಿಯಿಂದ ಒಂದು ಜೀಪು ಬಂತು. ಇಳಿದವಳು ಸುನೀತಾ ಎಂಬ ಹೆಂಗಸು, ಜೊತೆಗೆ ಅವಳ ಅಣ್ಣ. ಗಂಡನಿಗೆ ಹೊಟ್ಟೆಯ ಕ್ಯಾನ್ಸರ್.

"ಇಲ್ಲೆ ತಾಯೀ," ಎಂದ ಭೋಜಣ್ಣ. "ಅದು ಮರುಂದಲ್ಲ, ವಿಷ. ಎಂಗ ಮನೆಯವಳು ಸಾಯ್ತಿದ್ಲು ಅದ್ರಿಂದ. ಆಸ್ಪತ್ರೆ ಬಿಡಬೇಡಿ. ಕೈಮುಗೀತೀನಿ."

"ನಮಗೆ ಕೊಡೋಕೆ ಇಷ್ಟ ಇಲ್ಲದಿದ್ರೆ ಹಾಗೇ ಹೇಳಿ ಅಣ್ಣ. ವಿಷ ಯಾಕಂತೀರಿ," ಎಂದಳು ಆಕೆ, ಕಣ್ಣಲ್ಲಿ ನೀರು ತುಂಬಿಕೊಂಡು.

"ತನಗೆ ಮಾತ್ರ ಇಟ್ಕೊಂಡಿದ್ದಾನೆ ಬಿಡು," ಎಂದು ಅಣ್ಣ ಗೊಣಗಿದ. "ಡಾಕ್ಟರು ಹೇಳಿಕೊಟ್ಟ ಮಾತು ಇದೆಲ್ಲ."

ಒಂದು ಕಾಲದಲ್ಲಿ ನೀರು ಕಳೆದರೆಂದು ಕೂಗಾಡುತ್ತಿದ್ದ ಮನುಷ್ಯ ಈಗ ಅಂಗಳದಲ್ಲಿ ನಿಂತು ನಿಜ ಹೇಳುತ್ತಿದ್ದ. ಅದನ್ನು ಯಾರೂ ತೂಕಕ್ಕೇ ಹಾಕುತ್ತಿರಲಿಲ್ಲ. ನಾನೂ ಸಾಕ್ಷಿ ಹೇಳಿದೆ. ಸುನೀತಾಳ ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಇವರ ಏಜೆಂಟಾ?" ಎಂದು ಕೇಳಿದ.

ಅಷ್ಟರಲ್ಲಿ ವಸಂತಕ್ಕ ಒಳಗಿನಿಂದ ತಟ್ಟೆಯಲ್ಲಿ ಲೋಟಗಳನ್ನು ಇಟ್ಟುಕೊಂಡು ಬಂದಳು. ಆಪರೇಷನ್ ಆದ ಕಡೆಯ ಕೈ ಬಾತುಕೊಂಡಿದೆ; ಭಾರವನ್ನೆಲ್ಲ ಇನ್ನೊಂದು ಕೈಯಲ್ಲೇ ಹಿಡಿಯುತ್ತಾಳೆ. ಹಾಲು ಹಾಕಿದ ಪೊಟ್ಟಣದ ಟೀ. ಸುನೀತಾ ಲೋಟವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ಇದೇನಾ ಅಕ್ಕಾ?"

"ಅಯ್ಯೋ ತಂಗೀ, ಇದು ಬರೀ ಟೀ. ಕುಡಿ. ದೂರದಿಂದ ಬಂದಿದ್ದೀಯ."

ಸುನೀತಾ ಒಂದು ಗುಟುಕು ಕುಡಿದಳು. ಮಿಕ್ಕದ್ದನ್ನು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಮಡಿಲಲ್ಲಿದ್ದ ನೀರಿನ ಬಾಟಲಿಗೆ ಹುಯ್ದು ಮುಚ್ಚಳ ಬಿಗಿದಳು. ಭೋಜಣ್ಣ ನೋಡಿದ. ಬೈಯಲು ಬಾಯಿ ತೆರೆದವನು, ವಸಂತಕ್ಕ ತಲೆಯಾಡಿಸಿದ್ದನ್ನು ಕಂಡು ಸುಮ್ಮನಾದ. ಅದರಲ್ಲಿ ಸಕ್ಕರೆ ಬಿಟ್ಟರೆ ಏನೂ ಇರಲಿಲ್ಲ, ಕೊಲ್ಲುವುದಿಲ್ಲ.

ಜೀಪು ಹೋದ ಮೇಲೆ ನಾನು ಕೇಳಿದೆ, "ಭೋಜಣ್ಣ, ಅಕ್ಕನಿಗೆ ನೀವೇ ಒಂದು ಟೀ ಮಾಡಿಕೊಡಬಾರದಾ? ಬತ್ತಿಸೋದೇನೂ ಬೇಡ. ಡಾಕ್ಟರೇ ಕುಡಿಯಲಿ ಅಂದಿದ್ದಾರೆ."

"ಬೇಡಪ್ಪಾ. ನನ್ನ ಕೈಯಿಂದ ಅವಳ ಬಾಯಿಗೆ ಇನ್ನು ಏನೂ ಬೇಡ."

ಒಳಗೆ ವಸಂತಕ್ಕನಿಗೆ ಇದು ಕೇಳಿಸಿರಬೇಕು. ನನ್ನ ಲೋಟ ತೆಗೆದುಕೊಳ್ಳಲು ಬಂದವಳು ನನ್ನ ಕಡೆ ಬಗ್ಗಿ, "ಆ ಕಹಿಯೇ ವಾಸಿ ಇತ್ತು ತಮ್ಮಾ," ಎಂದು ಪಿಸುಗುಟ್ಟಿ ಹೋದಳು.

ಭೋಜಣ್ಣ ಎದ್ದ. ಅಂಗಳದಲ್ಲಿ ಬಂದವರು ಬಿಟ್ಟುಹೋಗಿದ್ದ ಲೋಟಗಳನ್ನು ಒಂದೊಂದಾಗಿ ಆಯ್ದ. ಮೆಟ್ಟಿಲ ಮೇಲಿನದ್ದು, ಗೋಡೆಯ ಮೇಲಿನದ್ದು, ತನ್ನದು. ಅದನ್ನೆಲ್ಲ ಎದೆಗೆ ಒತ್ತಿ ಹಿಡಿದು ಮನೆಯೊಳಗೆ ಹೋದ. ನಾನು ಕುತ್ತಿಗೆ ಚಾಚಿ ನೋಡಿದೆ. ಅಡುಗೆಮನೆಯ ಬಾಗಿಲವರೆಗೂ ಹೋದ, ಹೊಸ್ತಿಲ ಈಚೆಗೆ ಮೊಣಕಾಲೂರಿ ಲೋಟಗಳನ್ನು ಸಾಲಾಗಿ ನೆಲದ ಮೇಲೆ ಇಟ್ಟ, ವಾಪಸು ಬಂದು ಚೀಲ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಇಳಿದುಹೋದ. ಷೆಡ್ಡಿಗೆ ಎಲೆ ಒಯ್ಯುವ ಹೊತ್ತಾಗಿತ್ತು, ಮಳೆ ಹನಿಯಲು ಶುರುವಾಗಿತ್ತು.

ವಸಂತಕ್ಕ ಒಳಗಿನಿಂದ ಬಂದು ನಿಂತು ಆ ಸಾಲನ್ನು ನೋಡಿದಳು. ಆಮೇಲೆ ಬಗ್ಗಿ, ಚೆನ್ನಾಗಿರುವ ಕೈಯಿಂದ ಎರಡೆರಡಾಗಿ ಎತ್ತಿಕೊಳ್ಳತೊಡಗಿದಳು.